ಕಾಯಿಲ್ ಸುಟ್ಟಿದೆಯೋ, ಥಂಡಿ ಹಿಡಿದಿದೆಯೋ

ದುಬೈ ಕ್ರೀಕ್‌ನ ಉಪ್ಪುನೀರು ಒಳನಾಡಿಗೆ ಚಾಚಿ ನಿಲ್ಲುವ ತುದಿಯೇ ರಾಸ್ ಅಲ್ ಖೋರ್. ಒಂದು ಮಗ್ಗುಲಲ್ಲಿ ರಾಜಹಂಸಗಳು ಇಳಿಯುವ ಜೌಗು ನೆಲ, 2007ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಕ್ಷಿಧಾಮ. ಇನ್ನೊಂದು ಮಗ್ಗುಲಲ್ಲಿ ಗ್ಯಾರೇಜು, ಗೋದಾಮು, ಹಳೆ ಕಾರುಗಳ ಮಾರುಕಟ್ಟೆ, ಬಿಡಿಭಾಗಗಳ ಅಂಗಡಿಗಳು. ನೀರು ಇಷ್ಟು ಹತ್ತಿರವಿರುವ ಕಡೆ ಬೇಸಿಗೆಯ ಗಾಳಿ ಒದ್ದೆಯಾಗಿಯೇ ಇರುತ್ತದೆ. ಆಗಸ್ಟ್ ರಾತ್ರಿಗಳಲ್ಲಿ ತೇವಾಂಶ ಶೇ. 80 ದಾಟುವುದು ಹೊಸ ಸಂಗತಿಯಲ್ಲ. ಓವನ್ನಿನ ಕಾಯಿಲ್ ಬದಲಿಸುವ ಅಧ್ಯಾಯವನ್ನು ಗಾಳಿಯ ತೇವದಿಂದ ಶುರು ಮಾಡಲು ಕಾರಣವಿದೆ. ಈ ಊರಿನಲ್ಲಿ "ಸುಟ್ಟುಹೋಯಿತು" ಎನ್ನಿಸಿಕೊಂಡು ಕಸಕ್ಕೆ ಹೋಗುವ ಕಾಯಿಲ್‌ಗಳಲ್ಲಿ ಸುಡದೇ ಇರುವವೂ ಇರುತ್ತವೆ.

ಜುಲೈ ಬಂದರೆ ಶಾಲೆಗೆ ರಜೆ. ಮಂಗಳೂರು, ಉಡುಪಿ, ಭಟ್ಕಳದ ಮನೆಗಳವರು ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಡುತ್ತಾರೆ. ಫ್ಲ್ಯಾಟಿನ ಎಸಿ ಬಂದ್ ಆಗುತ್ತದೆ. ಎಸಿ ನಡೆಯುತ್ತಿದ್ದಷ್ಟು ಕಾಲ ಒಣಗಿಯೇ ಇದ್ದ ಮನೆಯೊಳಗಿನ ಗಾಳಿ ಈಗ ಹೊರಗಿನ ಗಾಳಿಯಷ್ಟೇ ತೇವಗೊಳ್ಳುತ್ತದೆ. ಆಗಸ್ಟ್ ಕೊನೆಗೆ ಮರಳಿ ಬಂದವರು ಕೇಕಿಗೋ ನಾನ್‌ಖಟಾಯಿಗೋ ಓವನ್ ಹಾಕುತ್ತಾರೆ. ಹಾಕಿದೊಡನೆ ಬ್ರೇಕರ್ ಬೀಳುತ್ತದೆ, ಅರ್ಧ ಮನೆ ಕತ್ತಲು. ಕಾಯಿಲ್ ಹೋಯಿತೆಂದು ತೀರ್ಮಾನಿಸಿ ಹೊಸದನ್ನು ಹುಡುಕಲು ಹೊರಡುವ ಮೊದಲು ಅದರೊಳಗೆ ಏನಿದೆ ಎಂದು ತಿಳಿದುಕೊಳ್ಳಬೇಕು.

ಓವನ್ನಿನ ಕಾಯಿಲ್ ಹೊರಗೆ ಬೂದುಬಣ್ಣದ ಬಾಗಿದ ಕೊಳವೆ. ಸ್ಟೇನ್‌ಲೆಸ್ ಸ್ಟೀಲಿನದೋ ನಿಕಲ್ ಬೆರೆತ ಉಕ್ಕಿನದೋ ಇರುತ್ತದೆ. ಕರೆಂಟು ಹರಿಯುವುದು ಈ ಕೊಳವೆಯಲ್ಲಲ್ಲ, ಅದರ ನಟ್ಟನಡುವೆ ಸುರುಳಿಯಾಗಿ ಹಾದುಹೋಗುವ ನೈಕ್ರೋಮ್ ತಂತಿಯಲ್ಲಿ. ಸುಮಾರು 80 ಪಾಲು ನಿಕಲ್‌ಗೆ 20 ಪಾಲು ಕ್ರೋಮಿಯಂ ಬೆರೆಸಿದ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಗಾಳಿಗೆ ತುಕ್ಕಾಗದೆ ಬಾಳುವ ಅಗ್ಗದ ತಂತಿ ಅದಕ್ಕೆ ಮೊದಲು ಇರಲಿಲ್ಲ. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ವಿದ್ಯುತ್ ಒಲೆ ಮನೆಮನೆಗೆ ಬರಲು ದಾರಿ ಮಾಡಿಕೊಟ್ಟದ್ದು ಅದೇ. ತಂತಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಶಾಖವನ್ನು ಚೆನ್ನಾಗಿ ದಾಟಿಸಿ ವಿದ್ಯುತ್ತನ್ನು ತಡೆಯುವುದು ಇದರ ವಿಶೇಷ ಗುಣ. ಹಾಗಾಗಿಯೇ ಒಳಗೆ 230 ವೋಲ್ಟ್ ಹರಿಯುತ್ತಿದ್ದರೂ ಹೊರಗಿನ ಕೊಳವೆ ಶಾಕ್ ಹೊಡೆಯುವುದಿಲ್ಲ.

ರಾಸ್ ಅಲ್ ಖೋರಿನ ಗ್ಯಾರೇಜುಗಳಲ್ಲಿ ಡೀಸೆಲ್ ಗಾಡಿಗಳಿಗೆ ಕೆಲಸ ಮಾಡುವವರಿಗೆ ಇದು ಹೊಸದಾಗಿರಲಾರದು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಆಗಲು ನೆರವಾಗುವ ಗ್ಲೋ ಪ್ಲಗ್ಗಿನ ರಚನೆಯೂ ಇದೇ: ಲೋಹದ ಕೊಳವೆ, ಒಳಗೆ ತಂತಿಸುರುಳಿ, ನಡುವೆ ಅದೇ ಬಿಳಿ ಪುಡಿ. ಮೆಕ್ಯಾನಿಕ್ಕು ಮೀಟರ್ ಹಿಡಿದು ಗ್ಲೋ ಪ್ಲಗ್ ಪರೀಕ್ಷಿಸುವ ಕ್ರಮದಲ್ಲೇ ಓವನ್ ಕಾಯಿಲನ್ನೂ ಪರೀಕ್ಷಿಸಬಹುದು, ಬರುವ ಅಂಕಿ ಮಾತ್ರ ಬೇರೆ.

ಕಾಯಿಲ್ ಕೆಡುವುದು ಎರಡು ಬಗೆಯಲ್ಲಿ. ಮೊದಲನೆಯದು ನಿಜವಾಗಿ ಸುಡುವುದು. ನೈಕ್ರೋಮ್ ಕಾದಾಗ ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಆದರೆ ಕಾಯುವುದು, ಆರುವುದು, ಹಿಗ್ಗುವುದು, ಕುಗ್ಗುವುದು ವರ್ಷಗಟ್ಟಲೆ ನಡೆದಾಗ ಪೊರೆ ಅಲ್ಲಲ್ಲಿ ಬಿರಿಯುತ್ತದೆ. ಬಿರಿದ ಕಡೆ ತಂತಿ ಸವೆದು ತೆಳ್ಳಗಾಗುತ್ತದೆ, ತೆಳ್ಳಗಾದ ಕಡೆ ತಡೆ ಹೆಚ್ಚಿ ಇನ್ನಷ್ಟು ಕಾಯುತ್ತದೆ, ಹೆಚ್ಚು ಕಾದದ್ದು ಬೇಗ ಸವೆಯುತ್ತದೆ. ಕೊನೆಗೊಂದು ದಿನ ತಂತಿ ತುಂಡಾಗುತ್ತದೆ. ಆಗ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಬ್ರೇಕರ್ ಬೀಳುವುದಿಲ್ಲ, ಬಿಸಿ ಮಾತ್ರ ಇಲ್ಲ. ಕೆಲವೊಮ್ಮೆ ಕೊಳವೆಯೇ ಉಬ್ಬಿ ಒಡೆದು ಕಪ್ಪು ಗುಳಿ ಬಿದ್ದಿರುವುದು ಕಣ್ಣಿಗೂ ಕಾಣುತ್ತದೆ.

ಎರಡನೆಯದು ಸೋರಿಕೆ. ಆ ಬಿಳಿ ಪುಡಿಗೆ ಗಾಳಿಯ ತೇವ ಹೀರುವ ಸ್ವಭಾವವಿದೆ. ಕೊಳವೆಯ ಎರಡೂ ತುದಿಗಳಲ್ಲಿ ಮುದ್ರೆ ಹಾಕಿರುತ್ತಾರಾದರೂ ವರ್ಷಗಳ ಬಿಸಿಗೆ ಅದು ಸಡಿಲವಾಗುತ್ತದೆ. ವಾರಕ್ಕೆರಡು ಬಾರಿ ಓವನ್ ಹಾಕುವ ಮನೆಯಲ್ಲಿ ಹೀರಿದ ತೇವ ಆಗಾಗ ಆವಿಯಾಗಿ ಹೋಗುತ್ತದೆ. ಎರಡು ತಿಂಗಳು ಮುಚ್ಚಿದ ಮನೆಯಲ್ಲಿ ಅದು ಒಳಗೇ ಸೇರಿಕೊಳ್ಳುತ್ತದೆ. ತೇವಗೊಂಡ ಪುಡಿ ವಿದ್ಯುತ್ತನ್ನು ಪೂರ್ತಿ ತಡೆಯಲಾರದು, ಸ್ವಲ್ಪ ಕರೆಂಟು ಕೊಳವೆಗೆ, ಅಲ್ಲಿಂದ ಅರ್ಥ್ ತಂತಿಗೆ ಹರಿಯುತ್ತದೆ. ಇದನ್ನು ಗುರುತಿಸಿ ಕರೆಂಟ್ ಕಡಿಯುವ ಬ್ರೇಕರೇ ಇಎಲ್‌ಸಿಬಿ. ಪ್ಲಗ್ಗುಗಳ ಸಾಲಿಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. 230 ವೋಲ್ಟನ್ನು 0.03ರಿಂದ ಭಾಗಿಸಿದರೆ ಸುಮಾರು 7,700 ಓಮ್. ತಂತಿಗೂ ಕೊಳವೆಗೂ ನಡುವಿನ ತಡೆ ಅಷ್ಟಕ್ಕೆ ಇಳಿದರೆ ಅದು ಬಿದ್ದೇ ಬೀಳುತ್ತದೆ, ಅನೇಕ ಇಎಲ್‌ಸಿಬಿಗಳು ಅದಕ್ಕೂ ಮೊದಲೇ. ಕಾಯಿಲಿನೊಳಗಿನ ತಂತಿ ಆಗಲೂ ಚೆನ್ನಾಗಿಯೇ ಇರುತ್ತದೆ.

ಬಿಚ್ಚುವ ಮುನ್ನ ಒಂದು ಗೆರೆ ಎಳೆದುಕೊಳ್ಳಬೇಕು. ಗೋಡೆಯ ಪ್ಲಗ್ಗಿನಿಂದ ಕಿತ್ತು ಮೇಜಿನ ಮೇಲಿಟ್ಟುಕೊಳ್ಳಬಹುದಾದ ಓವನ್ ಆದರೆ, ಸ್ಕ್ರೂಡ್ರೈವರ್ ಮತ್ತು ಮೀಟರ್ ಹಿಡಿದು ರೂಢಿ ಇರುವವರು ಮನೆಯಲ್ಲೇ ಕೆಲಸ ಮಾಡಬಹುದು. ಕಿಚನ್ ಕಪಾಟಿನೊಳಗೆ ಕೂರಿಸಿ ನೇರ ತಂತಿ ಎಳೆದಿರುವ ಓವನ್ನಿನ ಹಿಂಬದಿಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೇ ಬಿಡುವುದು ಒಳ್ಳೆಯದು. ಅಂಥ ಓವನ್ ಮನೆ ಮಾಲೀಕರದಾಗಿದ್ದರೆ ಕಟ್ಟಡ ಕಾಯುವ ನಾತೂರ್‌ಗೋ ಮೇಂಟೆನೆನ್ಸಿನವರಿಗೋ ಮೊದಲು ಹೇಳಬೇಕು. ಗ್ಯಾಸ್ ಮತ್ತು ಕರೆಂಟು ಎರಡೂ ಇರುವ ಕುಕಿಂಗ್ ರೇಂಜಿನ ಗ್ಯಾಸ್ ಭಾಗಕ್ಕಂತೂ ಕೈ ಹಾಕಲೇಬಾರದು. ಯಾವ ಓವನ್ನೇ ಆಗಲಿ, ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು.

ಈಗ ಮೀಟರ್. ಹತ್ತಿರದ ಡ್ರ್ಯಾಗನ್ ಮಾರ್ಟ್‌ನಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಓವನ್ ಪೂರ್ತಿ ತಣಿದ ಮೇಲೆ ಕಾಯಿಲಿನ ತಂತಿಗಳೆರಡನ್ನೂ ಕಳಚಬೇಕು, ಒಂದನ್ನೇ ಕಳಚಿದರೆ ಅಂಕಿ ದಾರಿ ತಪ್ಪಿಸಬಹುದು. ಮೀಟರನ್ನು ಓಮ್‌ಗೆ ತಿರುಗಿಸಿ ಎರಡು ತುದಿಗಳಿಗೆ ಮುಟ್ಟಿಸಿ. ಎಷ್ಟು ಬರಬೇಕೆಂದು ಮೊದಲೇ ಲೆಕ್ಕ ಹಾಕಬಹುದು: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ ವ್ಯಾಟಿನಿಂದ ಭಾಗಿಸುವುದು. 230 ವೋಲ್ಟಿನ 2,000 ವ್ಯಾಟ್ ಕಾಯಿಲಿಗೆ ಸುಮಾರು 26 ಓಮ್, 1,200 ವ್ಯಾಟಿನದಕ್ಕೆ 44, 2,500 ವ್ಯಾಟಿನ ಗ್ರಿಲ್‌ಗೆ 21. ಹಳೆ ಬಲ್ಬಿನ ಟಂಗ್‌ಸ್ಟನ್ ತಂತಿ ಕಾದಾಗ ಅದರ ತಡೆ ಹತ್ತು ಪಟ್ಟಿಗೂ ಮೇಲೆ ಏರುತ್ತದೆ. ನೈಕ್ರೋಮ್ ಹಾಗಲ್ಲ, ಕಾದರೂ ತಣಿದರೂ ಅದರ ತಡೆ ಹೆಚ್ಚುಕಡಿಮೆ ಒಂದೇ. ತಣ್ಣಗಿರುವಾಗ ಅಳೆದದ್ದನ್ನು ನಂಬಬಹುದಾದ್ದು ಅದಕ್ಕೇ. ಮೀಟರ್ ಏನನ್ನೂ ತೋರಿಸದಿದ್ದರೆ ಒಳಗಿನ ತಂತಿ ತುಂಡಾಗಿದೆ, ಕಾಯಿಲ್ ಬದಲಿಸಲೇಬೇಕು. ಅಂಕಿ ಸರಿಯಾಗಿದ್ದೂ ಓವನ್ ಬಿಸಿಯಾಗದಿದ್ದರೆ ತಪ್ಪು ಥರ್ಮೋಸ್ಟ್ಯಾಟಿನದೋ, ಅತಿಯಾಗಿ ಕಾದಾಗ ಕಡಿಯುವ ಕಟೌಟಿನದೋ, ತಿರುಗಿಸುವ ಸ್ವಿಚ್ಚಿನದೋ ಇರಬೇಕು.

ಇನ್ನು ಮೀಟರಿನ ಒಂದು ಕಡ್ಡಿಯನ್ನು ಕಾಯಿಲಿನ ತುದಿಗೂ ಇನ್ನೊಂದನ್ನು ಅದರ ಕೊಳವೆಗೂ ಮುಟ್ಟಿಸಿ. ಇಲ್ಲಿ ಮೆಗಾ ಓಮ್‌ಗಳಲ್ಲಿ ಬರಬೇಕು, ಇಲ್ಲವೇ ಮೀಟರ್ ಏನನ್ನೂ ತೋರಿಸಬಾರದು. ಕೆಲವು ಸಾವಿರ ಓಮ್‌ಗೆ ಇಳಿದಿದ್ದರೆ ಸೋರಿಕೆ ಖಚಿತ. ಮಲ್ಟಿಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಅದರಲ್ಲಿ ಚೆನ್ನಾಗಿ ಕಂಡದ್ದು 230 ವೋಲ್ಟಿಗೆ ಸೋರುವುದೂ ಉಂಟು. ಸಂಶಯ ಉಳಿದರೆ 500 ವೋಲ್ಟಿನಲ್ಲಿ ಸೋರಿಕೆ ಅಳೆಯುವ ಮೆಗ್ಗರ್ ಇರುವ ರಿಪೇರಿಯವರಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ಲೇಸು.

ತಂತಿಯ ಅಂಕಿ ಸರಿ ಇದೆ, ಕೊಳವೆಯಲ್ಲಿ ಬಿರುಕಿಲ್ಲ, ಸೋರಿಕೆ ಇದೆ, ಮನೆ ತಿಂಗಳುಗಟ್ಟಲೆ ಮುಚ್ಚಿತ್ತು ಎಂದಾದರೆ ಆ ಕಾಯಿಲನ್ನು ಒಣಗಿಸಿ ನೋಡಬಹುದು. ಅದನ್ನು ಬಿಚ್ಚಿ, ಒರೆಸಿ, ಪಕ್ಕದ ಮನೆಯ ಓವನ್ನಿನಲ್ಲಿ 120 ಡಿಗ್ರಿ ಶಾಖದಲ್ಲಿ ಎರಡು ಮೂರು ಗಂಟೆ ಇಟ್ಟು, ತಣಿದ ಮೇಲೆ ಮತ್ತೆ ಅಳೆಯಬೇಕು. ಸಾವಿರದಲ್ಲಿದ್ದ ಅಂಕಿ ಮೆಗಾ ಓಮ್‌ಗೆ ಏರಿದರೆ ಕಾಯಿಲ್ ಉಳಿಯಿತು. ಏರದಿದ್ದರೆ, ಅಥವಾ ಹಾಕಿದ ಹತ್ತು ನಿಮಿಷ ಚೆನ್ನಾಗಿ ಕಾದು ಆಮೇಲೆ ಬ್ರೇಕರ್ ಬೀಳುತ್ತಿದ್ದರೆ, ಅದು ಥಂಡಿಯಲ್ಲ. ಬಿಸಿಗೆ ಬಾಯಿಬಿಡುವ ಬಿರುಕು ಒಳಗಿರಬಹುದು, ಅಂಥದ್ದನ್ನು ಉಳಿಸಿಕೊಳ್ಳಬಾರದು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಬ್ರೇಕರ್ ಮತ್ತೆ ಮತ್ತೆ ಬೀಳುತ್ತದೆಂದು ಓವನ್ನಿನ ಅರ್ಥ್ ತಂತಿಯನ್ನೇ ಕಳಚಿಬಿಡುವವರಿದ್ದಾರೆ. ಬ್ರೇಕರ್ ಬೀಳುವುದು ನಿಲ್ಲುತ್ತದೆ, ಕೇಕೂ ಬೇಯುತ್ತದೆ. ಆದರೆ ಸೋರಿದ ಕರೆಂಟು ಎಲ್ಲಿಗೂ ಹೋಗಲಾರದೆ ಓವನ್ನಿನ ಮೈಯಲ್ಲೇ ಕಾದು ಕೂತಿರುತ್ತದೆ, ಒದ್ದೆ ಕೈಯಿಂದ ಬಾಗಿಲು ತೆಗೆಯುವವರ ಮೂಲಕ ನೆಲಕ್ಕೆ ಇಳಿಯುತ್ತದೆ. ಆ ಕೈ ತಾಯಿಯದಿರಬಹುದು, ಮಗುವಿನದಿರಬಹುದು. ಯಾವ ಅಡುಗೆಯೂ ಅಷ್ಟು ಅವಸರದ್ದಲ್ಲ. ರಿಪೇರಿ ಮುಗಿದ ಮೇಲೆ ಪ್ಲಗ್ಗಿನ ಅರ್ಥ್ ಪಿನ್ನಿಗೂ ಓವನ್ನಿನ ಬಣ್ಣವಿಲ್ಲದ ಲೋಹಕ್ಕೂ ನಡುವೆ ಅಳೆದು ನೋಡಿ. ಒಂದು ಓಮ್‌ಗಿಂತ ಕಡಿಮೆ ಇರಲೇಬೇಕು.

ಹೊಸ ಕಾಯಿಲ್ ತರಲು ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗುವುದು ಸುಲಭ. ದೇರಾದಲ್ಲೂ ಸತ್ವಾದಲ್ಲೂ ಇಂಥ ಬಿಡಿಭಾಗ ಇಡುವ ಅಂಗಡಿಗಳಿವೆ. ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುವ ಮಾಡೆಲ್ ನಂಬರಿನ ಫೋಟೋ ಮೊಬೈಲಿನಲ್ಲಿರಲಿ. ಆಕಾರ, ಉದ್ದ, ಸ್ಕ್ರೂ ತೂತುಗಳ ಅಂತರ ಕಣ್ಣಳತೆಗೆ ಸಿಗುತ್ತವೆ, ವ್ಯಾಟ್ ಮತ್ತು ವೋಲ್ಟ್ ಮಾತ್ರ ಕೊಳವೆಯ ಮೇಲಿನ ಅಚ್ಚನ್ನು ಓದಿಯೇ ತಿಳಿಯಬೇಕು. 240 ವೋಲ್ಟಿಗೆ 2,000 ವ್ಯಾಟ್ ಎಂದು ಬರೆದದ್ದು 230ರಲ್ಲಿ ಸುಮಾರು 1,840 ವ್ಯಾಟ್ ಕೊಡುತ್ತದೆ, ತೊಂದರೆಯಿಲ್ಲ. 110 ವೋಲ್ಟಿನದನ್ನು ಹಾಕಿದರೆ ನಾಲ್ಕು ಪಟ್ಟಿಗೂ ಹೆಚ್ಚು ಶಕ್ತಿ ಎಳೆದು ಕ್ಷಣದಲ್ಲಿ ಸುಡುತ್ತದೆ. ಹೆಚ್ಚು ವ್ಯಾಟಿನದು ಹಾಕಿದರೆ ಬೇಗ ಬೇಯುತ್ತದೆಂಬ ಸಲಹೆಗೆ ಕಿವಿಗೊಡಬೇಡಿ, ಓವನ್ನಿನ ಒಳಗಿನ ತಂತಿ, ಸ್ವಿಚ್ಚುಗಳು ಅದಕ್ಕೆ ತಕ್ಕಂತೆ ಮಾಡಿದವಲ್ಲ.

ಕೂರಿಸುವುದು ದೊಡ್ಡ ಕೆಲಸವಲ್ಲ. ಹಿಂಗೋಡೆಗೆ ಎರಡು ಸ್ಕ್ರೂ, ಫ್ಯಾನ್ ಓವನ್ ಆದರೆ ಫ್ಯಾನಿನ ಮುಂದಿನ ತಗಡು ತೆಗೆದು ಅದರ ಸುತ್ತಲಿನ ಬಳೆಯಾಕಾರದ ಕಾಯಿಲ್. ಬಿಚ್ಚುವ ಮೊದಲು ತಂತಿಗಳ ಫೋಟೋ ತೆಗೆದುಕೊಂಡರೆ ಗೊಂದಲವಿಲ್ಲ. ಕಳಚಿದ ತಂತಿ ತೂತಿನ ಹಿಂದಕ್ಕೆ ಜಾರದಂತೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದರಾಯಿತು. ಗಮನ ಕೊಡಬೇಕಾದ್ದು ತಂತಿ ಮತ್ತು ಕಾಯಿಲ್ ಸೇರುವ ಒತ್ತು ಕನೆಕ್ಟರಿಗೆ. ಹಳೆಯ ಕಾಯಿಲ್ ಅಕಾಲದಲ್ಲಿ ಸತ್ತಿದ್ದರೆ ಕಾರಣ ಅಲ್ಲೇ ಇದ್ದಿರಬಹುದು. 2,000 ವ್ಯಾಟಿನ ಕಾಯಿಲಿನಲ್ಲಿ 8.7 ಆಂಪಿಯರ್ ಹರಿಯುತ್ತದೆ. ಕನೆಕ್ಟರ್ ಸಡಿಲವಾಗಿ ಅಲ್ಲಿ ಅರ್ಧ ಓಮ್ ತಡೆ ಹುಟ್ಟಿದರೂ ಸುಮಾರು 38 ವ್ಯಾಟ್ ಶಾಖ ಆ ಪುಟ್ಟ ತಗಡಿನಲ್ಲೇ ಉಕ್ಕುತ್ತದೆ, ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯಷ್ಟು. ತಗಡು ನೀಲಿಗಟ್ಟಿ ಪುಡಿಯಾಗುತ್ತದೆ, ತಂತಿಯ ಹೊದಿಕೆ ಕರಟುತ್ತದೆ. ಹಾಗೆ ಬಣ್ಣ ಕೆಟ್ಟ ಕನೆಕ್ಟರನ್ನು ಕತ್ತರಿಸಿ ಹೊಸದನ್ನು ಇಕ್ಕಳದಿಂದ ಬಿಗಿದು ಹಾಕಬೇಕು, ಹಾಕಿದ ಮೇಲೆ ಎಳೆದು ನೋಡಿದರೆ ಕದಲಬಾರದು. ಬೆಸುಗೆ ಹಾಕಬೇಡಿ, ಓವನ್ನಿನ ಬಿಸಿಗೆ ಸೀಸ ಕರಗುತ್ತದೆ. ಸಾದಾ ಪಿವಿಸಿ ತಂತಿಯಿಂದ ಜೋಡಿಸುವುದೂ, ಇನ್ಸುಲೇಷನ್ ಟೇಪ್ ಸುತ್ತುವುದೂ ಬೇಡ, ಅಲ್ಲಿಗೆ ಬೇಕಾದ್ದು ಶಾಖ ತಡೆಯುವ ಸಿಲಿಕೋನ್ ಇಲ್ಲವೇ ಗಾಜಿನ ನೂಲಿನ ಹೊದಿಕೆಯ ತಂತಿ.

ಎಲ್ಲ ಮುಚ್ಚಿ, ಸೋರಿಕೆಯನ್ನೂ ಅರ್ಥನ್ನೂ ಇನ್ನೊಮ್ಮೆ ಅಳೆದು, ಆಮೇಲೆ ಪ್ಲಗ್ ಹಾಕಿ. ಮೊದಲ ಬಾರಿ ಖಾಲಿ ಓವನ್ನನ್ನು 200 ಡಿಗ್ರಿಗೆ ಅರ್ಧ ಗಂಟೆ ನಡೆಸಬೇಕು. ಕಾಯಿಲಿಗೆ ಮೆತ್ತಿದ್ದ ಎಣ್ಣೆ ಸುಟ್ಟು ಸ್ವಲ್ಪ ಹೊಗೆ, ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಹೊಗೆ ನಿಲ್ಲದೆ ಬೆಂಕಿಯೇ ಕಂಡರೆ ಬಾಗಿಲು ತೆರೆಯದೆ ಬ್ರೇಕರ್ ಇಳಿಸಿ, ಮನೆಯವರನ್ನು ಹೊರಗೆ ಕರೆದುಕೊಂಡು ಹೋಗಿ 997ಕ್ಕೆ ಫೋನ್ ಮಾಡಬೇಕು, ಅದು ದುಬೈಯ ಅಗ್ನಿಶಾಮಕದ ನಂಬರು. ಓವನ್ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸುವ ಅಭ್ಯಾಸವಿದ್ದರೆ ಹೊಸ ಕಾಯಿಲ್ ಹಾಕಿದ ಮೇಲಾದರೂ ಅದನ್ನು ಬಿಟ್ಟುಬಿಡಿ, ಶಾಖ ಅಲ್ಲೇ ಸಿಕ್ಕಿಕೊಂಡು ಕಾಯಿಲ್ ಅಳತೆ ಮೀರಿ ಕಾಯುತ್ತದೆ.

ದುಬೈಯ ಕೆಲಸ ಮುಗಿಸಿ ಇದೇ ಓವನ್ನನ್ನು ಊರಿಗೆ ಸಾಗಿಸುವವರೂ ಇದ್ದಾರೆ. ಭಾರತದಲ್ಲೂ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಕಾಯಿಲಿಗೆ ಏನೂ ಆಗದು. ಬದಲಾಗುವುದು ಪ್ಲಗ್. ದುಬೈಯ ಚಪ್ಪಟೆ ಪಿನ್ನಿನ ಪ್ಲಗ್ಗಿನೊಳಗೇ 13 ಆಂಪಿಯರಿನ ಫ್ಯೂಸ್ ಇರುತ್ತದೆ, ನಮ್ಮ ದುಂಡು ಪಿನ್ನಿನ ಪ್ಲಗ್ಗಿನಲ್ಲಿ ಅದಿಲ್ಲ. ಅಡಾಪ್ಟರ್ ಸಿಕ್ಕಿಸಿ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಹಾಕಿದರೆ 8.7 ಆಂಪಿಯರ್ ಎಳೆಯುವ ಓವನ್ ಆ ಸಾಕೆಟ್ಟನ್ನೇ ಕರಗಿಸಬಹುದು. ಪ್ಲಗ್ ಕತ್ತರಿಸಿ 16 ಆಂಪಿಯರಿನ ಪ್ಲಗ್ ಕಟ್ಟಿಸಿ, ಅಷ್ಟೇ ಶಕ್ತಿಯ ಸಾಕೆಟ್ಟಿಗೆ, ಅರ್ಥ್ ಸರಿಯಾಗಿರುವ ಕಡೆ ಹಾಕಬೇಕು. ಮಂಗಳೂರಿನ ಮಳೆಗಾಲ ಕಳೆದು ಮೊದಲ ಸಲ ಅದನ್ನು ಹಾಕುವ ಮುನ್ನವೂ ಮೀಟರ್ ಹಿಡಿದು ಕೊಳವೆಯ ಸೋರಿಕೆ ನೋಡಿಕೊಳ್ಳುವುದು ಒಳ್ಳೆಯದು.