ಕಿವಿ ಓದಿತು, ಬೆರಳು ಓದಿತು, ಈಗ ಪೆನ್ನೇ ಓದುತ್ತಿದೆ!

ನೋಡಲು ಪೆನ್ನೇ, ಸ್ವಲ್ಪ ದಪ್ಪ ಅಷ್ಟೆ. ಆದರೆ ನಿಬ್ಬಿಲ್ಲ, ಶಾಯಿಯಿಲ್ಲ. ತುದಿಯಲ್ಲಿ ಕಾಳಿನಷ್ಟು ಕ್ಯಾಮೆರಾ, ಅದರ ಪಕ್ಕ ಪುಟ್ಟ ಎಲ್‌ಇಡಿ ದೀಪ. ಪುಸ್ತಕದ ಯಾವುದೋ ಇಂಗ್ಲಿಷ್ ಸಾಲಿನ ಮೇಲೆ ಎಡದಿಂದ ಬಲಕ್ಕೆ ಸುಮ್ಮನೆ ಎಳೆಯಿರಿ. ಆ ಸಾಲು ಪೆನ್ನಿನ ಮೈಮೇಲಿನ ಪರದೆಯಲ್ಲಿ ಹಾಜರು! ಕಣ್ಣು ಮಿಟುಕಿಸುವುದರೊಳಗೆ ಅದು ಸ್ಪ್ಯಾನಿಷ್ ಆಗುತ್ತದೆ, ಇಲ್ಲವೇ ಚೀನಿ. ಮರುಗಳಿಗೆ ಪೆನ್ನು ಬಾಯಿ ಬಿಟ್ಟು ಓದಿಯೇಬಿಡುತ್ತದೆ. ಬರೆಯಲೆಂದೇ ಹುಟ್ಟಿದ ವಸ್ತು ಓದಲು ಕಲಿತದ್ದು ಯಾವಾಗ?

ಆ ಒಂದು ಎಳೆತದಲ್ಲಿ ನಡೆಯುವುದನ್ನು ಕೇಳಿದರೆ ತಲೆ ತಿರುಗುತ್ತದೆ. ತುದಿ ಸರಿಯುತ್ತಿದ್ದಂತೆ ಕ್ಯಾಮೆರಾ ಎಡೆಬಿಡದೆ ಚಿತ್ರ ತೆಗೆಯುತ್ತಲೇ ಇರುತ್ತದೆ. ಒಂದೊಂದು ಚಿತ್ರದಲ್ಲಿ ಎರಡೋ ಮೂರೋ ಅಕ್ಷರ, ಕೆಲವೊಮ್ಮೆ ಅಕ್ಷರದ ಅರ್ಧ ಮಾತ್ರ. ಒಂದರ ಅಂಚು ಇನ್ನೊಂದರಲ್ಲೂ ಇರುತ್ತದಲ್ಲ, ಆ ಗುರುತು ಹಿಡಿದು ಪೆನ್ನೊಳಗಿನ ಚಿಪ್ ತುಂಡು ತುಂಡನ್ನೂ ಕೌದಿ ಹೊಲಿದಂತೆ ಜೋಡಿಸುತ್ತದೆ. ನಮ್ಮ ಕೈಯೋ, ಒಮ್ಮೆ ಜೋರು, ಒಮ್ಮೆ ನಿಧಾನ, ನಡುನಡುವೆ ಸೊಟ್ಟ. ಅದನ್ನೆಲ್ಲ ತಿದ್ದಿ, ಅಕ್ಷರ ಗುರುತಿಸಿ, ಪದ ಕಟ್ಟಿ, ಅನುವಾದಿಸಿ, ದನಿ ಕೊಡಬೇಕು. ಇಷ್ಟೂ ಅಂಗೈಯೊಳಗೆ!

ಈ ಪೆನ್ನಿನ ವಂಶಾವಳಿ ಹುಡುಕುತ್ತ ಹೊರಟರೆ ಅದು ಸಮುದ್ರದ ತಳದ ತಂತಿಗೆ ಹೋಗಿ ಮುಟ್ಟುತ್ತದೆ. 1873ರಲ್ಲಿ ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಎಂಜಿನಿಯರ್ ಸಾಗರದಾಳದ ಟೆಲಿಗ್ರಾಫ್ ಕೇಬಲ್ಲುಗಳ ಪರೀಕ್ಷೆಗೆಂದು ಸೆಲೆನಿಯಂ ಕಡ್ಡಿಗಳನ್ನು ಬಳಸುತ್ತಿದ್ದರು. ಅವುಗಳ ಅಳತೆ ಮಾತ್ರ ಒಂದು ಕಡೆ ನಿಲ್ಲದು. ಕಾರಣ ಬೆಳಕು! ಬೆಳಕು ಬಿದ್ದರೆ ಸೆಲೆನಿಯಂನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ, ಕತ್ತಲಾದರೆ ತಡೆಯುತ್ತದೆ. ಅಂದರೆ ಕಪ್ಪು ಯಾವುದು, ಬಿಳುಪು ಯಾವುದು ಎಂದು ಹೇಳಬಲ್ಲ ವಸ್ತು ಸಿಕ್ಕಿತು. ಮುದ್ರಿತ ಪುಟದಲ್ಲಿ ಇರುವುದಾದರೂ ಮತ್ತೇನು, ಕಪ್ಪು ಮತ್ತು ಬಿಳುಪು ತಾನೇ?

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದ ಫೂರ್ನಿಯೇ ಡಾಲ್ಬ್ ಎಂಬ ವಿಜ್ಞಾನಿ ಈ ಸೆಲೆನಿಯಂ ಹಿಡಿದು ಕಟ್ಟಿದ ಯಂತ್ರ ಆಪ್ಟೊಫೋನ್. ಕಾಲ, ಮೊದಲ ಮಹಾಯುದ್ಧದ ಆಸುಪಾಸು. ರಂಧ್ರಗಳಿರುವ ಬಿಲ್ಲೆಯೊಂದು ಗಿರ್ರನೆ ತಿರುಗುತ್ತ ಬೆಳಕನ್ನು ಕೆಲವು ಎಳೆಗಳಾಗಿ ಕತ್ತರಿಸುತ್ತದೆ. ಅಕ್ಷರದ ತಲೆಯ ಮೇಲೊಂದು ಎಳೆ, ನಡುವಿಗೆ ಒಂದು, ಕಾಲಿಗೆ ಒಂದು ಹೀಗೆ ಬೀಳುತ್ತವೆ; ಒಂದೊಂದಕ್ಕೂ ಒಂದೊಂದು ಸ್ವರ. ಇಂಗ್ಲಿಷಿನ ‘ವಿ’ ಅಕ್ಷರವನ್ನು ನೆನಪಿಸಿಕೊಳ್ಳಿ, ಗೆರೆ ಮೇಲಿನಿಂದ ಇಳಿದು ಮತ್ತೆ ಏರುತ್ತದೆ. ಆಪ್ಟೊಫೋನಿನಲ್ಲಿ ಅದು ಹಾಗೆಯೇ ಕೇಳಿಸುತ್ತದೆ: ಅವರೋಹಣ, ಹಿಂದೆಯೇ ಆರೋಹಣ! ಮೇರಿ ಜೇಮ್ಸನ್ ಎಂಬ ಅಂಧ ಯುವತಿ 1918ರಲ್ಲಿ ಲಂಡನ್ನಿನಲ್ಲಿ ಜನರೆದುರು ಕೂತು ಈ ಯಂತ್ರದಿಂದ ಓದಿ ತೋರಿಸಿದರು. ಬ್ರೈಲ್ ಅಲ್ಲ, ಎಲ್ಲರೂ ಓದುವ ಮಾಮೂಲಿ ಅಚ್ಚಿನ ಪುಟ! ಅಭ್ಯಾಸ ಬಲಿತ ಮೇಲೆ ನಿಮಿಷಕ್ಕೆ 60 ಪದದವರೆಗೂ ಓದಬಲ್ಲವರಾಗಿದ್ದರು. ನನ್ನನ್ನು ಕೇಳಿದರೆ, ಯಂತ್ರಕ್ಕಿಂತ ದೊಡ್ಡ ಸೋಜಿಗ ಆಕೆಯ ಕಿವಿ.

ಅರ್ಧ ಶತಮಾನದ ನಂತರ ಅಮೆರಿಕದಲ್ಲಿ ಸರದಿ ಬೆರಳಿನದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಲಿನ್‌ವಿಲ್ ಅವರ ಮಗಳು ಕ್ಯಾಂಡಿ ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವಳು. ಬ್ರೈಲ್‌ಗೆ ಇಳಿಯದ ಪುಸ್ತಕಗಳನ್ನು ಅವಳು ಓದುವುದು ಹೇಗೆ? ಲಿನ್‌ವಿಲ್ ಮತ್ತು ಜೇಮ್ಸ್ ಬ್ಲಿಸ್ ಸೇರಿ ರೂಪಿಸಿದ ಆಪ್ಟಕಾನ್ 1971ರಲ್ಲಿ ಮಾರುಕಟ್ಟೆಗೆ ಬಂತು. ಬಲಗೈಯಲ್ಲಿ ಪುಟ್ಟ ಕ್ಯಾಮೆರಾ ಹಿಡಿದು ಸಾಲಿನ ಮೇಲೆ ಸರಿಸಬೇಕು. ಎಡಗೈಯ ತೋರುಬೆರಳಿನ ಕೆಳಗೆ 144 ಸಣ್ಣ ಕಡ್ಡಿಗಳು, ಉದ್ದಕ್ಕೆ 24, ಅಡ್ಡಕ್ಕೆ 6. ಕ್ಯಾಮೆರಾಕ್ಕೆ ಕಪ್ಪು ಕಂಡಲ್ಲಿನ ಕಡ್ಡಿಗಳಷ್ಟೇ ಜುಮ್ಮೆಂದು ನಡುಗುತ್ತವೆ. ಅಕ್ಷರದ ಆಕಾರ ಬೆರಳ ತುದಿಯ ಮೇಲೆಯೇ ಹರಿದುಹೋಗುತ್ತದೆ! ಗಮನಿಸಿ, ಈ ಯಂತ್ರಕ್ಕೆ ಒಂದೇ ಒಂದು ಅಕ್ಷರವೂ ಗೊತ್ತಿರಲಿಲ್ಲ. ಗೊತ್ತಿರಬೇಕಾದ್ದು ಬೆರಳಿಗೆ. ಹಾಗಾಗಿ ಅದಕ್ಕೆ ಲಿಪಿಯ ಹಂಗಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬೆರಳಿಗೆ ಒಪ್ಪಿಸುತ್ತಿತ್ತು.

ಯಂತ್ರವೇ ಅಕ್ಷರ ಕಲಿತು ಗಟ್ಟಿಯಾಗಿ ಓದಿದ್ದು 1976ರ ಜನವರಿಯಲ್ಲಿ. ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ ತಮ್ಮ ಓದುಯಂತ್ರವನ್ನು ಲೋಕದ ಮುಂದಿಟ್ಟರು. ಟಿವಿಯಲ್ಲಿ ಅದರ ಸುದ್ದಿ ಕಂಡು ಓಡಿಬಂದು ಕೊಂಡವರಲ್ಲಿ ಮೊದಲಿಗರು ಯಾರು ಗೊತ್ತೇ? ದೃಷ್ಟಿಯಿಲ್ಲದ ಗಾಯಕ ಸ್ಟೀವಿ ವಂಡರ್! ಅಲ್ಲಿಂದ ಮುಂದಿನ ದಾರಿ ಇಳಿಜಾರು. ಮೇಜು ತುಂಬುತ್ತಿದ್ದ ಯಂತ್ರ 1990ರ ದಶಕದಲ್ಲಿ ಪೆನ್ನಿಗೆ ಇಳಿಯಿತು: ಸ್ವೀಡನ್ನಿನ ಲುಂಡ್ ನಗರದಿಂದ ಸಿ-ಪೆನ್, ಇಸ್ರೇಲಿನಿಂದ ಕ್ವಿಕ್ಷನರಿ. 2010ರಲ್ಲಿ ವರ್ಡ್ ಲೆನ್ಸ್ ಎಂಬ ಆ್ಯಪ್ ಬಂದು, ಸ್ಪ್ಯಾನಿಷ್ ಬೋರ್ಡಿಗೆ ಫೋನ್ ಹಿಡಿದರೆ ಬೋರ್ಡೇ ಇಂಗ್ಲಿಷ್ ಆಗುವಂತೆ ಮಾಡಿತು. 2014ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ಸರಿ, ನಮ್ಮ ಅಕ್ಷರಗಳ ಕಥೆ? ಇಲ್ಲಿದೆ ನೋಡಿ ನಿಜವಾದ ಮಜಾ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ನಮ್ಮವು ಒಂದರ ಕೆಳಗೊಂದು ಇಳಿಯುತ್ತವೆ, ತಲೆಯ ಮೇಲೆ ಗುಡಿಸು ಹೊರುತ್ತವೆ, ಬಾಲಕ್ಕೆ ದೀರ್ಘ ಸಿಕ್ಕಿಸಿಕೊಳ್ಳುತ್ತವೆ. ‘ಶಾಸ್ತ್ರ’ ಎಂದು ಅಚ್ಚಾದರೆ ಎರಡನೆಯ ಅಕ್ಷರದಲ್ಲಿ ಮೂರು ವ್ಯಂಜನಗಳ ಸಂತೆ. ‘ಕರ್ನಾಟಕ’ವೇ ಯಂತ್ರಕ್ಕೊಂದು ಬಲೆ! ಉಚ್ಚಾರದಲ್ಲಿ ರಕಾರ ಮೊದಲು, ಕಾಗದದ ಮೇಲೆ ಅರ್ಕಾವತ್ತು ‘ನಾ’ ಆದ ಮೇಲೆ. ಯಂತ್ರ ಕಂಡ ಕ್ರಮದಲ್ಲೇ ಬರೆದುಕೊಂಡರೆ ನಮ್ಮ ರಾಜ್ಯದ ಹೆಸರೇ ಕೆಟ್ಟಿತು. ಇನ್ನು ಘ–ಫ, ಥ–ಧ ಜೋಡಿಗಳ ನಡುವೆ ಇರುವುದು ಕೂದಲೆಳೆಯ ವ್ಯತ್ಯಾಸ. ಹಳೆಯ ಅಚ್ಚಿನಲ್ಲಿ ಮಸಿ ಸ್ವಲ್ಪ ಹರಡಿದರೂ ಗುರುತು ಮಾಯ.

ಇಷ್ಟೆಲ್ಲ ಇದ್ದರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡವನ್ನು ಓದುವ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ಕಟ್ಟಿತು. 1970ರಿಂದ 2002ರವರೆಗೆ ಅಚ್ಚಾದ 35ಕ್ಕೂ ಹೆಚ್ಚು ಪುಸ್ತಕಗಳ ಪುಟಗಳ ಮೇಲೆ ಅದಕ್ಕೆ ಅಕ್ಷರಾಭ್ಯಾಸವೂ ಪರೀಕ್ಷೆಯೂ ಆಯಿತು. ಅವುಗಳಲ್ಲಿ ಹಳಗನ್ನಡವೂ ಇತ್ತು! ಕನ್ನಡ ಲಿಪಿಯಲ್ಲಿ ಅಚ್ಚಾದ ತುಳು, ಕೊಂಕಣಿ, ಸಂಸ್ಕೃತವನ್ನೂ ಅದು ಓದುತ್ತದೆ. ಹಳಗನ್ನಡ ಕಂಡರೆ ಪುಟ ತಿರುವಿಬಿಡುವ ನಮ್ಮಂಥವರು ಸ್ವಲ್ಪ ನಾಚಿಕೊಳ್ಳಬೇಕಾದ ವಿಷಯ.

ಇದು ಓದಿನ ಮಾತಾಯಿತು. ಅನುವಾದಕ್ಕೆ ಬಂದರೆ, ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಇವತ್ತು ಅದೇ ಆ್ಯಪಿನ ಕ್ಯಾಮೆರಾ ಒತ್ತಿ ಇಂಗ್ಲಿಷ್ ಚೀಟಿಯ ಮೇಲೆ ಹಿಡಿದರೆ ಕನ್ನಡ ಮೂಡುತ್ತದೆ. ಅನುವಾದ ಆಗಾಗ ನಗು ತರಿಸುತ್ತದೆ, ನಿಜ. ಔಷಧದ ಪ್ರಮಾಣದಂಥದ್ದಕ್ಕೆ ಡಾಕ್ಟರನ್ನೇ ಕೇಳಿ. ಆದರೆ ಬ್ಯಾಂಕಿನ ಪತ್ರ, ಕರೆಂಟ್ ಬಿಲ್ಲಿನ ಹಿಂಬದಿ, ಮಿಕ್ಸಿಯ ಜೊತೆ ಬಂದ ಪುಸ್ತಿಕೆ, ಇವುಗಳ ತಾತ್ಪರ್ಯಕ್ಕೆ ಧಾರಾಳ ಸಾಕು. ಮನೆಯಲ್ಲಿ ಇಂಗ್ಲಿಷ್ ಬಾರದ ಹಿರಿಯರಿದ್ದರೆ ಇವತ್ತೇ ಅವರ ಫೋನಿನಲ್ಲಿ ಇದನ್ನು ಹಾಕಿಕೊಟ್ಟು, ಒಮ್ಮೆ ಅವರ ಕೈಯಿಂದಲೇ ಮಾಡಿಸಿ. ಆ್ಯಪಿಗೆ ದುಡ್ಡು ಕೊಡಬೇಕಾಗಿಲ್ಲ.