ಅಂಗಳದ ಬಿಸಿ, ಮುಂಜಾನೆಯ ಚಳಿ: ಸಕ್ಕರೆ ಕಾಯಿಲೆಯವರ ಪಾದ ಜೋಪಾನ

ಜನವರಿಯ ಒಂದು ದಿನ ತೆಗೆದುಕೊಳ್ಳಿ. ಕರಾವಳಿಯ ಒಳನಾಡಿನಲ್ಲಿ ಬೆಳಗಿನ ಜಾವ 20 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮಧ್ಯಾಹ್ನ 33. ಬಯಲುಸೀಮೆಯಲ್ಲಿ ಈ ಅಂತರ ಇನ್ನೂ ಜಾಸ್ತಿ. ಇದು ಗಾಳಿಯ ಲೆಕ್ಕ. ಅಡಿಕೆ ಹರವಿದ ಸಿಮೆಂಟು ಅಂಗಳದ ಲೆಕ್ಕವೇ ಬೇರೆ. ಬೇಸಿಗೆಯ ಮಟಮಟ ಮಧ್ಯಾಹ್ನ ಅದು 50 ಡಿಗ್ರಿ ದಾಟುವುದುಂಟು. ಬೆಳಿಗ್ಗೆ ಇಬ್ಬನಿಯ ಹುಲ್ಲು, ಮಧ್ಯಾಹ್ನ ಕಾದ ಅಂಗಳ, ಸಂಜೆ ಬಚ್ಚಲ ಬಿಸಿನೀರು. ಕೃಷಿಕನ ಬರಿಗಾಲು ಒಂದೇ ದಿನದಲ್ಲಿ ಇಷ್ಟನ್ನೂ ಕಾಣುತ್ತದೆ.

ಗಟ್ಟಿಮುಟ್ಟಾದ ಕಾಲಿಗೆ ಇದೇನೂ ದೊಡ್ಡದಲ್ಲ. ಸಕ್ಕರೆ ಕಾಯಿಲೆ ಹಳತಾದವರ ಕಾಲಿಗೆ ಮಾತ್ರ ಹಾಗಲ್ಲ. ಯಾಕೆ ಎಂದು ನೋಡೋಣ.

ಮೂರು ಬದಲಾವಣೆ

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಪಾದದಲ್ಲಿ ಮೂರು ಬದಲಾವಣೆ ಆಗುತ್ತವೆ.

ಒಂದು, ನರಗಳು ಸೊರಗುತ್ತವೆ. ಮೊದಲು ಜೋಮು, ಉರಿ. ಆಮೇಲೆ ಮುಳ್ಳು ಹೊಕ್ಕರೂ ಗೊತ್ತಾಗುವುದಿಲ್ಲ, ಬಿಸಿಯೂ ತಿಳಿಯುವುದಿಲ್ಲ.

ಎರಡು, ಬೆವರಿಸುವ ನರಗಳೂ ಕೆಡುತ್ತವೆ. ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಚಳಿಗಾಲದ ಒಣಹವೆಗೆ ಈ ಬಿರುಕು ಆಳವಾಗುತ್ತದೆ. ಸಗಣಿ, ಕೆಸರಿನ ರೋಗಾಣುಗಳಿಗೆ ಇದೇ ಬಾಗಿಲು.

ಮೂರು, ರಕ್ತನಾಳ ಕಿರಿದಾಗುತ್ತದೆ. ಚಳಿಗೆ ಯಾರ ರಕ್ತನಾಳವಾದರೂ ಕುಗ್ಗುತ್ತದೆ. ಮೊದಲೇ ಕಿರಿದಾದದ್ದು ಇನ್ನಷ್ಟು ಕುಗ್ಗಿದರೆ ಬೆರಳ ತುದಿಗೆ ರಕ್ತ ಸಾಲದು, ಇದ್ದ ಗಾಯ ಬೇಗ ಮಾಯುವುದಿಲ್ಲ. ಬೀಡಿ ಸೇದುವವರಿಗಂತೂ ಗಾಯದ ಮೇಲೆ ಬರೆ.

ಹಾಗಾಗಿ ಹವೆಯೊಂದೇ ಹುಣ್ಣು ಮಾಡುವುದಿಲ್ಲ. ನೆಲ ಹದ ಮಾಡಿಕೊಡುವುದು ಸಕ್ಕರೆ, ಬೀಜ ಬಿತ್ತುವುದು ಬಿಸಿ ಮತ್ತು ಚಳಿ.

"ನನಗೆ ಅಭ್ಯಾಸ ಉಂಟು"

"ಕಾಲು ಸುಡುವುದಿಲ್ಲ ಮಾರಾಯ್ರೆ, ಅಭ್ಯಾಸ ಉಂಟು" ಅನ್ನುವವರು ಊರಿಗೆ ನಾಲ್ಕು ಮಂದಿ ಸಿಗುತ್ತಾರೆ. ಅವರಲ್ಲಿ ಸಕ್ಕರೆ ಕಾಯಿಲೆ ಇದ್ದವರು ಈ ಮಾತನ್ನು ಶಕ್ತಿ ಎಂದು ತಿಳಿಯಬಾರದು. ಅದು ರೋಗದ ಲಕ್ಷಣವೂ ಇರಬಹುದು.

ಚರ್ಮ ಸುಡಲು ಬಿಸಿ ಎಷ್ಟು ಮುಖ್ಯವೋ ಹೊತ್ತೂ ಅಷ್ಟೇ ಮುಖ್ಯ. 44 ಡಿಗ್ರಿಯಲ್ಲಿ ಸುಡಲು ಗಂಟೆಗಟ್ಟಲೆ ಬೇಕು. 50 ಡಿಗ್ರಿಗೆ ಕೆಲವು ನಿಮಿಷ, 60ಕ್ಕೆ ಕೆಲವೇ ಸೆಕೆಂಡು ಸಾಕು. ನೋವು ತಿಳಿಯುವವನು ಅಷ್ಟರಲ್ಲಿ ಕಾಲೆತ್ತುತ್ತಾನೆ. ನೋವಿಲ್ಲದವನು ಸಾವಕಾಶ ಅಡಿಕೆ ಮಗುಚುತ್ತಾ ಇರುತ್ತಾನೆ. ಬೊಕ್ಕೆ ಕಾಣುವುದು ರಾತ್ರಿ ಕಾಲು ತೊಳೆಯುವಾಗ.

ನೋವಿನ ಬೆಲೆ ಏನೆಂದು ತೋರಿಸಿಕೊಟ್ಟವರಲ್ಲಿ 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್ ಮುಖ್ಯರು. ಕುಷ್ಠರೋಗಿಗಳ ಬೆರಳುಗಳು ತಾವಾಗಿ ಕೊಳೆತು ಉದುರುವುದಲ್ಲ, ನೋವು ತಿಳಿಯದೆ ಆಗುವ ಗಾಯಗಳಿಂದ ನಾಶವಾಗುವುದು ಎಂದು ಅವರು ಕಂಡುಕೊಂಡರು. ಸಕ್ಕರೆ ಕಾಯಿಲೆಯ ಪಾದಕ್ಕೂ ಇದೇ ಪಾಠ.

ಎರಡು ಕಾಲನ್ನೂ ಮುಟ್ಟಿ ನೋಡಿ

ಒಳಗೆ ಪೆಟ್ಟಾದ ಜಾಗ ಹುಣ್ಣಾಗುವ ಮೊದಲೇ ಬಿಸಿಯಾಗುತ್ತದೆ. ಆದರೆ ಬೆಳಿಗ್ಗೆ ತಣ್ಣಗಿದ್ದ ಕಾಲು ಮಧ್ಯಾಹ್ನ ಹೇಗೂ ಬೆಚ್ಚಗಾಗುತ್ತದಲ್ಲ, ರೋಗದ ಬಿಸಿ ಗುರುತಿಸುವುದು ಹೇಗೆ? ಉಪಾಯ ಸರಳ. ಹವೆ ಬದಲಾದರೆ ಎರಡೂ ಕಾಲು ಬದಲಾಗುತ್ತವೆ. ಪೆಟ್ಟಾದರೆ ಸಾಮಾನ್ಯವಾಗಿ ಒಂದೇ ಕಾಲು ಬಿಸಿ. ಅದಕ್ಕೇ ಎಡದ ಒಂದು ಜಾಗವನ್ನು ಬಲದ ಅದೇ ಜಾಗಕ್ಕೆ ಹೋಲಿಸಬೇಕು. ವೈದ್ಯರು ಉಷ್ಣಮಾಪಕದಲ್ಲಿ ನೋಡುವಾಗ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸವನ್ನು ಅಪಾಯದ ಸೂಚನೆ ಎನ್ನುತ್ತಾರೆ.

ಮನೆಯಲ್ಲಿ ದಿನಾ ಒಂದೇ ಹೊತ್ತಿಗೆ, ನೆರಳಲ್ಲಿ ಸ್ವಲ್ಪ ಕೂತು ಸುಧಾರಿಸಿಕೊಂಡ ಮೇಲೆ, ಮನೆಯವರೊಬ್ಬರು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಲಿ. ಒಂದು ಕಾಲು ಬಿಸಿ, ಕೆಂಪು, ಬಾವು ಇದ್ದು ನೋವೇ ಇಲ್ಲ ಎಂದಾದರೆ ಸಮಾಧಾನಪಡಬೇಡಿ. ಒಳಗೆ ಎಲುಬು ಕುಸಿಯುತ್ತಿರಬಹುದು. ಆ ಕಾಲಿಗೆ ಭಾರ ಹಾಕದೆ ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು. ಕೈಗೆ ಬಿಸಿ ಸಿಗಲಿಲ್ಲವೆಂದು ಹುಣ್ಣನ್ನು ಅಲಕ್ಷಿಸಲೂ ಬಾರದು.

ನಾವು ಮಾಡಬಹುದಾದ್ದು

• ಅಂಗಳಕ್ಕೆಂದೇ ಬೇರೆ ಚಪ್ಪಲಿ ಇಟ್ಟುಕೊಳ್ಳಿ. ಅಡಿಕೆ ಗಲೀಜಾಗುವ ಮಾತಿಲ್ಲ. ಮಗುಚುವುದಕ್ಕೆ ಕಾಲಿನ ಬದಲು ಉದ್ದ ಹಿಡಿಯ ಹಲ್ಲಿನ ಕೋಲು ಬಳಸಿ. ಬೆಳಿಗ್ಗೆ, ಇಳಿಹೊತ್ತಿಗೆ ಮಗುಚಿದರೂ ಆದೀತು.

• ಹವಾಯಿ ಚಪ್ಪಲಿ ಜೋಮು ಹಿಡಿದ ಕಾಲಿಂದ ಜಾರುತ್ತದೆ, ಜಾರಿದ್ದು ಗೊತ್ತೂ ಆಗುವುದಿಲ್ಲ. ಹಿಂದೆ ಪಟ್ಟಿ ಇರುವ, ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿ ಒಳ್ಳೆಯದು. ಗಂಬೂಟು ಹಾಕುವ ಮೊದಲು ಕೊಡವಿ, ಒಳಗೆ ಕೈ ಹಾಕಿ ನೋಡಿ.

• ಚಳಿಗೆ ಒಲೆಯೆದುರು ಕಾಲು ಕಾಯಿಸಬೇಡಿ, ಬಿಸಿನೀರ ಚೀಲ ಇಡಬೇಡಿ. ಸಡಿಲವಾದ ಹತ್ತಿಯ ಕಾಲುಚೀಲ ಸಾಕು. ಸ್ನಾನದ ನೀರನ್ನು ಮನೆಯವರು ಮೊದಲು ಮುಟ್ಟಿ ನೋಡಲಿ.

• ಕಾಲು ತೊಳೆದು ಒರೆಸಿ ಹಿಮ್ಮಡಿಗೆ ತೆಂಗಿನೆಣ್ಣೆ ಸವರಿ. ಬೆರಳ ಸಂದಿಗೆ ಬೇಡ, ಅಲ್ಲಿ ಒಣಗಿಯೇ ಇರಬೇಕು.

• ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನಲ್ಲಿ ಪ್ರದಕ್ಷಿಣೆ ಬೇಡ, ಬೆಳಿಗ್ಗೆ ಹೋಗಿ.

• ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಬೊಕ್ಕೆ ಒಡೆಯಬೇಡಿ. ಪೇಸ್ಟು, ಸೊಪ್ಪಿನ ರಸ ಹಚ್ಚಬೇಡಿ. ಶುಭ್ರ ಬಟ್ಟೆ ಮುಚ್ಚಿ ಅದೇ ದಿನ ಆಸ್ಪತ್ರೆಗೆ ಹೋಗಿ.

ವರ್ಷಕ್ಕೊಮ್ಮೆ ವೈದ್ಯರಿಂದ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿ. 10 ಗ್ರಾಂ ಒತ್ತುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ಸಕ್ಕರೆ ಕಾಯಿಲೆಯವರ ಕಾಲು ಕತ್ತರಿಸಬೇಕಾಗಿ ಬಂದ ನೂರು ಪ್ರಕರಣಗಳಲ್ಲಿ ಸುಮಾರು 85ರ ಆರಂಭ ಒಂದು ಹುಣ್ಣು. ಮರ ಹತ್ತಲು, ಗದ್ದೆ ಬದು ನಡೆಯಲು, ಔಷಧಿ ಹೊಡೆಯಲು ಎಲ್ಲಕ್ಕೂ ಕಾಲೇ ಬೇಕಾದ ಕಸುಬು ನಮ್ಮದು. ತೋಟದ ಗಿಡಗಳನ್ನು ದಿನಾ ನೋಡುವ ಕಣ್ಣು ರಾತ್ರಿ ಮಲಗುವ ಮೊದಲು ಎರಡು ನಿಮಿಷ ಅಂಗಾಲನ್ನೂ ನೋಡಲಿ.