ಎಂಜಿನ್ ಎಲ್ಲಿ ಸೋರುತ್ತಿದೆ?

ಬೇಸಿಗೆಯಲ್ಲಿ ದೇವದುರ್ಗ ತಾಲ್ಲೂಕಿನ ಮಸರಕಲ್ ಸುತ್ತಲಿನ ಒಣ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿದರೆ ದೂಳೇ ದೂಳು. ವಾಹನ ನಡುಗಿದರೆ, ಎಳೆಯದಿದ್ದರೆ 'ಕಂಪ್ರೆಷನ್ ಹೋಗಿದೆ' ಎನ್ನುವುದು ರೂಢಿ. ಆದರೆ ಗಾಳಿಯ ದಾರಿಯಲ್ಲಿನ ಸೋರಿಕೆಯೂ ಎಂಜಿನನ್ನು ನಡುಗಿಸಬಲ್ಲದು. ಇವೆರಡನ್ನು ಗುರುತಿಸುವುದು ಹೇಗೆ?

ಮೊದಲು ಪೆಟ್ರೋಲ್ ಎಂಜಿನ್ ನೋಡೋಣ. ಆಕ್ಸಿಲರೇಟರ್ ಒತ್ತದಿರುವಾಗ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ. ಪಿಸ್ಟನ್ ಹೀರಿದಂತೆಲ್ಲ ಇನ್‌ಲೆಟ್ ಮ್ಯಾನಿಫೋಲ್ಡ್ ಎಂಬ ಕೊಳವೆಯಲ್ಲಿ ಒತ್ತಡವು ವಾಯುಮಂಡಲದ ಒತ್ತಡಕ್ಕಿಂತ ಸುಮಾರು 450ರಿಂದ 550 ಮಿ.ಮೀ. ಪಾದರಸದಷ್ಟು ಇಳಿಯುತ್ತದೆ. ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಎಂಜಿನ್ ನಡುಗುತ್ತದೆ.

ಕಂಪ್ರೆಷನ್ ಪರೀಕ್ಷೆಯಲ್ಲಿ ಇಂಧನ ಮತ್ತು ಕಿಡಿಯನ್ನು ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ತೆಗೆದು ಆ ಜಾಗದಲ್ಲಿ ಒತ್ತಡಮಾಪಕ ಜೋಡಿಸುತ್ತಾರೆ. ಥ್ರಾಟಲನ್ನು ಪೂರ್ತಿ ತೆರೆದು ಸ್ಟಾರ್ಟರಿನಿಂದ ತಿರುಗಿಸುತ್ತಾರೆ. ಆಗ ಮ್ಯಾನಿಫೋಲ್ಡಿನಲ್ಲಿ ಹೆಚ್ಚುಕಡಿಮೆ ವಾಯುಮಂಡಲದ ಒತ್ತಡವೇ ಇರುತ್ತದೆ. ಅಲ್ಲದೆ ಪಿಸ್ಟನ್ ಗಾಳಿಯನ್ನು ಅದುಮುವ ಹೊತ್ತಿಗೆ ಒಳಕವಾಟ ಮುಚ್ಚಿ ಮ್ಯಾನಿಫೋಲ್ಡಿನ ಸಂಪರ್ಕವೇ ಕಡಿದಿರುತ್ತದೆ. ಹೀಗಾಗಿ ಅಲ್ಲಿನ ಸೋರಿಕೆ ಮಾಪಕಕ್ಕೆ ಕಾಣದು. ಥ್ರಾಟಲ್ ಮುಚ್ಚಿಟ್ಟು ಪರೀಕ್ಷಿಸಿದರೆ ಮಾತ್ರ ದೋಷವಿಲ್ಲದ ಎಂಜಿನ್ನಿನಲ್ಲೂ ಅಂಕಿ ಇಳಿಯುತ್ತದೆ!

ತರಗತಿಯಲ್ಲಿ ಇದನ್ನು ಸೂಜಿಯಿಲ್ಲದ ಸಿರಿಂಜಿನಿಂದ ತೋರಿಸಬಹುದು. ಅದರ ಮೂತಿಗೆ ಸಣ್ಣ ತೂತಿರುವ ರಬ್ಬರ್ ಕೊಳವೆ ಸಿಕ್ಕಿಸಿ ದಂಡವನ್ನು ಎಳೆಯಿರಿ. ಕೊಳವೆ ತೆಗೆದು, ಮೂತಿಯನ್ನು ಬೆರಳಿನಿಂದ ಮುಚ್ಚಿ ಒತ್ತಿರಿ. ಕೊಳವೆಯ ತೂತಿನಿಂದ ಪ್ರತಿರೋಧ ಕಡಿಮೆಯಾಗಿಲ್ಲ. ದಂಡದ ತುದಿಯ ರಬ್ಬರ್ ಸವೆದಿದ್ದರೆ ಮಾತ್ರ ಗಾಳಿ ಜಾರಿಹೋಗುತ್ತದೆ.

ಅಂಕಿ ಕಡಿಮೆ ಬಂದರೆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡುತ್ತಾರೆ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಸವೆದಿರಬಹುದು. ಏರದಿದ್ದರೆ ಕವಾಟ ಇಲ್ಲವೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಹಾಗಾದರೆ ಗಾಳಿದಾರಿಯ ಸೋರಿಕೆಗೂ ಕಂಪ್ರೆಷನ್ನಿಗೂ ಸಂಬಂಧವೇ ಇಲ್ಲವೆ? ಇದೆ, ಆದರೆ ನಿಧಾನವಾಗಿ. ಟ್ರ್ಯಾಕ್ಟರಿನ ಏರ್‌ಫಿಲ್ಟರಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಕೊಳವೆ ಬಿರಿದರೆ ಸೋಸದ ದೂಳು ನೇರವಾಗಿ ಒಳಸೇರುತ್ತದೆ. ದೂಳಿನಲ್ಲಿರುವ ಗಟ್ಟಿ ಮರಳ ಕಣಗಳು ರಿಂಗನ್ನೂ ಸಿಲಿಂಡರ್ ಗೋಡೆಯನ್ನೂ ಉಜ್ಜಿ ಸವೆಸುತ್ತವೆ. ಡೀಸೆಲ್ ಹೊತ್ತಿಕೊಳ್ಳುವುದು ಅದುಮಿದ ಗಾಳಿಯ ಬಿಸಿಯಿಂದ. ಕಂಪ್ರೆಷನ್ ಕುಗ್ಗಿದರೆ ಎಂಜಿನ್ ಸ್ಟಾರ್ಟ್ ಆಗುವುದೇ ಕಷ್ಟ.

ಆದ್ದರಿಂದ ಫಿಲ್ಟರ್ ಶುಚಿಗೊಳಿಸಿದರಷ್ಟೇ ಸಾಲದು. ಅದರಾಚೆಯ ಕೊಳವೆ, ಕ್ಲಿಪ್ಪುಗಳನ್ನೂ ಬಿಗಿಯಾಗಿವೆಯೆ ಎಂದು ನೋಡಬೇಕು. ಸಡಿಲವಾದ ಒಂದು ಕ್ಲಿಪ್ಪನ್ನು ಇಂದು ಬಿಗಿ ಮಾಡಿದರೆ, ಮುಂದೆ ಎಂಜಿನ್ ಬಿಚ್ಚಿಸುವ ಖರ್ಚು ಉಳಿಯುತ್ತದೆ.